ಬೆನ್ನಿನ ನೀರು ಸೋರುವ ಜಾಗ ಹುಡುಕಲು ಯಾವ ಸಿಟಿ ಸ್ಕ್ಯಾನ್ ಸರಿ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಕಳೆದ ಬೇಸಿಗೆಯಿಂದ ಎದ್ದು ಕೂತರೆ ಸಾಕು, ತಲೆಯ ಹಿಂಭಾಗ ಸಿಡಿಯುತ್ತದೆ. ಮಲಗಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮೊದಲು ಮೈಗ್ರೇನ್ ಅಂದರು, ಆಮೇಲೆ ಸೈನಸ್, ಕುತ್ತಿಗೆ ಸವೆತ ಅಂದರು. ಕೊನೆಗೆ ತಲೆಯ ಎಂಆರ್‌ಐ ನೋಡಿದ ನ್ಯೂರಾಲಜಿಸ್ಟ್ ಬೆನ್ನಿನ ನೀರು ಎಲ್ಲೋ ಸೋರುತ್ತಿದೆ ಅಂದರು. ಆದರೆ ಬೆನ್ನಿನ ಎಂಆರ್‌ಐ ಪೂರ್ತಿ ನಾರ್ಮಲ್. ಎರಡು ಸಲ ಬ್ಲಡ್ ಪ್ಯಾಚ್ (ಅವಳದೇ ರಕ್ತ ತೆಗೆದು ಬೆನ್ನಿಗೆ ಬಿಟ್ಟು ಸೋರಿಕೆ ಮುಚ್ಚುವ ಚಿಕಿತ್ಸೆ) ಹಾಕಿದರು. ಕೆಲವು ದಿನ ಹಾಯಾಗಿದ್ದು ಮತ್ತೆ ಶುರುವಾಯಿತು. ಸಿಟಿ ಮೈಲೋಗ್ರಾಮ್‌ನಲ್ಲೂ ಏನೂ ಸಿಗಲಿಲ್ಲ. ಅಮೆರಿಕದಲ್ಲಿರುವ ತಮ್ಮ ‘ಫೋಟಾನ್ ಕೌಂಟಿಂಗ್ ಸಿಟಿ ಮಾಡಿಸಿ, ಮಾಮೂಲಿ ಸಿಟಿಯಲ್ಲಿ ಕಾಣಲ್ಲ’ ಅನ್ನುತ್ತಾನೆ. ಇವುಗಳಲ್ಲಿ ವ್ಯತ್ಯಾಸ ಏನು? ಅದಕ್ಕಾಗಿ ದೂರ ಹೋಗಬೇಕಾ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತಿದ್ದು ‘ಬೆನ್ನಿನ ಎಂಆರ್‌ಐ ಪೂರ್ತಿ ನಾರ್ಮಲ್’ ಅನ್ನುವ ಮಾತಿನ ಮೇಲೆ. ನಿಮಗೆ ಅದು ನಿರಾಸೆಯ ಸುದ್ದಿ ಇರಬಹುದು. ಮಿದುಳು, ಬೆನ್ನಿನ ಸ್ಕ್ಯಾನ್ ಓದುವ ನಮ್ಮಂಥ ನ್ಯೂರೋ ರೇಡಿಯಾಲಜಿಯವರಿಗೆ ಅದೇ ದೊಡ್ಡ ಸುಳಿವು. ತಲೆಯ ಎಂಆರ್‌ಐ ಸೋರಿಕೆ ಇದೆ ಅನ್ನುತ್ತಿದೆ, ಬೆನ್ನಿನ ಎಂಆರ್‌ಐಯಲ್ಲಿ ಮಾತ್ರ ಹೊರಗೆ ಒಂದು ಹನಿ ನೀರೂ ನಿಂತಿಲ್ಲ. ಹಾಗಾದರೆ ಆ ನೀರು ಹೋಗುತ್ತಿರುವುದು ಎಲ್ಲಿಗೆ?

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಇನ್ನೊಂದು ಮೈಲೋಗ್ರಾಮ್ (ಬೆನ್ನಿನ ನೀರಿಗೆ ಡೈ ಬಿಟ್ಟು ತೆಗೆಯುವ ಸ್ಕ್ಯಾನ್) ಬೇಕಾಗುವ ಸಾಧ್ಯತೆ ಜಾಸ್ತಿ. ಅದನ್ನು ಯಾವ ಮಷೀನಿನಲ್ಲಿ ಮಾಡುತ್ತಾರೆ ಅನ್ನುವುದಕ್ಕಿಂತ ಮೊದಲು, ಯಾವ ಮಗ್ಗುಲಿಗೆ ಮಲಗಿಸಿ, ಡೈ ಹಾಕಿದ ಎಷ್ಟು ಹೊತ್ತಿಗೆ ಮಾಡುತ್ತಾರೆ ಅಂತ ಕೇಳಬೇಕು. ಫೋಟಾನ್ ಕೌಂಟಿಂಗ್ ಸಿಟಿ ನಿಜಕ್ಕೂ ಒಳ್ಳೆಯ ಮಷೀನು. ನಿಮ್ಮ ಅಕ್ಕನಿಗೆ ಇರಬಹುದು ಅಂತ ನನಗನ್ನಿಸುವ ಸೋರಿಕೆಗೆ ಅದರಿಂದ ಉಪಯೋಗವೂ ಇದೆ. ಆದರೆ ಅಂಗಾತ ಮಲಗಿಸಿ, ಅರ್ಧ ಗಂಟೆ ಬಿಟ್ಟು ತೆಗೆದರೆ ಎಂಥ ಮಷೀನಿಗೂ ಅದು ಸಿಗುವುದು ಕಷ್ಟ.

ಈಗ ವಿವರ.

ಮಿದುಳು ಮತ್ತು ಬೆನ್ನುಹುರಿ ತೇಲುವ ನೀರನ್ನು ಸಿಎಸ್‌ಎಫ್ ಅನ್ನುತ್ತೇವೆ. ದೊಡ್ಡವರಲ್ಲಿ ಇದು ಒಂದು ಹೊತ್ತಿಗೆ ಸುಮಾರು 150 ಮಿಲಿ ಇರುತ್ತದೆ. ದಿನಕ್ಕೆ ಹತ್ತಿರತ್ತಿರ 500 ಮಿಲಿ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ಹೀರಿಕೊಂಡು ಹೋಗುತ್ತದೆ. ಇದನ್ನು ಹಿಡಿದಿಟ್ಟಿರುವ ಗಟ್ಟಿ ಪೊರೆ ಡ್ಯೂರಾ. ಅದರಲ್ಲಿ ತೂತು ಬಿದ್ದರೆ ನೀರು ಕಡಿಮೆಯಾಗಿ, ಎದ್ದು ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತದೆ. ಅಕ್ಕನ ತಲೆನೋವಿನ ಮೂಲ ಅದು. ಇದು ಅಪರೂಪದ ಕಾಯಿಲೆ, ವರ್ಷಕ್ಕೆ ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಅಂತ ಅಂದಾಜು. ಅದಕ್ಕೇ ಎಷ್ಟೋ ಜನ ಮೈಗ್ರೇನ್ ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾರೆ. ಸಿಸೇರಿಯನ್‌ಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟ ಮೇಲೆ ಬರುವ ತಲೆನೋವು ಇದರ ತಂಗಿಯೇ. ಅಲ್ಲಿ ತೂತು ಎಲ್ಲಿದೆ ಅಂತ ಗೊತ್ತಿರುವುದರಿಂದ ಹುಡುಕುವ ಕೆಲಸ ಇರುವುದಿಲ್ಲ. ಮೂಗಿನಿಂದ ನೀರು ಸೋರುವುದು ಬೇರೆಯೇ ಕಾಯಿಲೆ, ಅದರ ಸ್ಕ್ಯಾನೂ ಬೇರೆ. ಎರಡನ್ನೂ ಬೆರೆಸಿಕೊಳ್ಳಬೇಡಿ.

ತಾನಾಗಿ ಆಗುವ ಸೋರಿಕೆಯಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಬೆನ್ನುಹುರಿಯ ಮುಂದೆ ಡ್ಯೂರಾ ಸೀಳುವುದು. ಡಿಸ್ಕ್ ಹತ್ತಿರ ಬೆಳೆದ ಮುಳ್ಳಿನಂಥ ಚಿಕ್ಕ ಎಲುಬು ಚುಚ್ಚಿ ಹೀಗಾಗುವುದು ಹೆಚ್ಚು. ಎರಡು, ನರ ಹೊರಬರುವ ಪಕ್ಕದ ಜಾಗದಲ್ಲಿ ಸೀಳುವುದು. ಈ ಎರಡರಲ್ಲೂ ಸಾಮಾನ್ಯವಾಗಿ ನೀರು ಡ್ಯೂರಾದ ಹೊರಗೆ ಉದ್ದಕ್ಕೆ ನಿಲ್ಲುತ್ತದೆ, ಎಂಆರ್‌ಐಯಲ್ಲಿ ಕಾಣುತ್ತದೆ. ಮೂರನೆಯದು ಸಿಎಸ್‌ಎಫ್-ವೀನಸ್ ಫಿಸ್ಟುಲಾ. ಇಲ್ಲಿ ನರದ ಚೀಲಕ್ಕೂ (ನರದ ಬುಡವನ್ನು ಸುತ್ತಿರುವ ಡ್ಯೂರಾದ ಚೀಲ) ಪಕ್ಕದ ಸಣ್ಣ ರಕ್ತನಾಳಕ್ಕೂ ನೇರ ದಾರಿ ಆಗಿಬಿಟ್ಟಿರುತ್ತದೆ. ನೀರು ಹೊರಗೆಲ್ಲೂ ನಿಲ್ಲುವುದೇ ಇಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಬೆನ್ನಿನ ಎಂಆರ್‌ಐ ನಾರ್ಮಲ್ ಬರುತ್ತದೆ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಡಾ. ವೌಟರ್ ಶೀವಿಂಕ್ ಅವರ ತಂಡ ಇದನ್ನು ಮೊದಲು ವರದಿ ಮಾಡಿದ್ದು 2014ರಲ್ಲಿ. ಅಂದರೆ ಈಗ ಸೇವೆಯಲ್ಲಿರುವ ಬಹಳಷ್ಟು ವೈದ್ಯರು ಓದುವಾಗ ಈ ಕಾಯಿಲೆ ಪುಸ್ತಕದಲ್ಲಿ ಇರಲೇ ಇಲ್ಲ. ನಿಮ್ಮ ಊರಿನ ವೈದ್ಯರ ಮೇಲೆ ಬೇಸರ ಮಾಡಿಕೊಳ್ಳಬೇಡಿ ಅಂತ ಇದನ್ನು ಹೇಳುತ್ತಿದ್ದೇನೆ.

ಅಕ್ಕನದು ಈ ಮೂರನೆಯ ಬಗೆ ಇರಬಹುದು ಅನ್ನುವುದು ನನ್ನ ಊಹೆ. ಬ್ಲಡ್ ಪ್ಯಾಚ್ ಕೆಲವೇ ದಿನ ಹಿಡಿದಿದ್ದು ಕೂಡ ಅದಕ್ಕೆ ಹೊಂದುತ್ತದೆ.

ಮೊದಲು ಮಾಡಿದ ಸಿಟಿ ಮೈಲೋಗ್ರಾಮ್‌ನಲ್ಲಿ ಅದು ಯಾಕೆ ಸಿಗಲಿಲ್ಲ? ಮಾಮೂಲಿ ಮೈಲೋಗ್ರಾಮ್ ಹೀಗಿರುತ್ತದೆ: ಸೊಂಟದಲ್ಲಿ ಸೂಜಿ ಹಾಕಿ ಅಯೋಡಿನ್ ಇರುವ ಡೈ ಬಿಡುತ್ತಾರೆ, ರೋಗಿಯನ್ನು ಆಚೆ ಈಚೆ ಹೊರಳಿಸುತ್ತಾರೆ, ಸ್ಟ್ರೆಚರ್‌ನಲ್ಲಿ ಸಿಟಿ ಕೋಣೆಗೆ ತರುತ್ತಾರೆ, ಅಂಗಾತ ಮಲಗಿಸಿ ಸ್ಕ್ಯಾನ್ ಮಾಡುತ್ತಾರೆ. ಡಿಸ್ಕ್ ಒತ್ತಿದೆಯಾ ಅಂತ ನೋಡಲು ಇಷ್ಟು ಸಾಕು. ಫಿಸ್ಟುಲಾಕ್ಕೆ ಸಾಲದು. ಡೈ ನಮ್ಮ ಬೆನ್ನಿನ ನೀರಿಗಿಂತ ಭಾರ, ತಗ್ಗಿನ ಕಡೆಗೇ ಹರಿದು ನಿಲ್ಲುತ್ತದೆ. ಅಂಗಾತ ಮಲಗಿದರೆ ಅದು ಹಿಂಭಾಗದಲ್ಲಿ ಕೂರುತ್ತದೆ. ಪಕ್ಕದ ನರಗಳ ಚೀಲಕ್ಕೆ ತಿಳಿಯಾದ ಡೈ ಮಾತ್ರ ತಲುಪುತ್ತದೆ. ಫಿಸ್ಟುಲಾ ಮೂಲಕ ರಕ್ತನಾಳಕ್ಕೆ ಹೋದ ಸ್ವಲ್ಪ ಡೈಯನ್ನೂ ರಕ್ತ ತೊಳೆದುಕೊಂಡು ಹೋಗುತ್ತದೆ. ತಡವಾಗಿ ಹೋದವರಿಗೆ ಅಲ್ಲಿ ಉಳಿದಿರುವುದು ಏನೂ ಇಲ್ಲ.

ಮಲಗಿಸುವ ರೀತಿ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2019ರಲ್ಲಿ ಶೀವಿಂಕ್ ತಂಡವೇ ಪ್ರಕಟಿಸಿದ್ದು ಇದು. ಬೆನ್ನಿನ ಎಂಆರ್‌ಐಯಲ್ಲಿ ಹೊರಗೆ ನೀರು ಕಾಣದ ರೋಗಿಗಳನ್ನು ಬೋರಲು ಮಲಗಿಸಿ ಡಿಜಿಟಲ್ ಸಬ್‌ಟ್ರಾಕ್ಷನ್ ಮೈಲೋಗ್ರಫಿ ಮಾಡಿದಾಗ 100ಕ್ಕೆ 15 ಮಂದಿಯಲ್ಲಿ ಫಿಸ್ಟುಲಾ ಸಿಕ್ಕಿತು. ಮಗ್ಗುಲಿಗೆ ಮಲಗಿಸಿ ಮಾಡಿದಾಗ 74 ಮಂದಿಯಲ್ಲಿ. ರೋಗಿಗಳ ಸಂಖ್ಯೆ ದೊಡ್ಡದಲ್ಲ, ಆದರೂ ವ್ಯತ್ಯಾಸ ನೋಡಿ. ಅಲ್ಲಿ ಯಾರೂ ಹೊಸ ಮಷೀನು ಕೊಳ್ಳಲಿಲ್ಲ, ರೋಗಿಯನ್ನು ಬೇರೆ ರೀತಿ ಮಲಗಿಸಿದರು ಅಷ್ಟೇ.

ಹೆಸರಿನಿಂದ ಗಾಬರಿಯಾಗಬೇಡಿ. ಈ ಡಿಜಿಟಲ್ ಸಬ್‌ಟ್ರಾಕ್ಷನ್ ಮೈಲೋಗ್ರಫಿ ಸಿಟಿ ಅಲ್ಲ, ಆಂಜಿಯೋಗ್ರಾಮ್ ಮಾಡುವ ಕ್ಯಾತ್ ಲ್ಯಾಬ್‌ನ ಎಕ್ಸ್-ರೇ. ಡೈ ಹೋಗುವ ಮುಂಚಿನ ಚಿತ್ರವನ್ನು ಆಮೇಲಿನ ಚಿತ್ರಗಳಿಂದ ಕಳೆದು, ಬರೀ ಡೈ ಹರಿಯುವುದನ್ನು ಸೆಕೆಂಡ್ ಸೆಕೆಂಡಿಗೂ ತೋರಿಸುತ್ತದೆ. ಸಮಯದ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ರೋಗಿ ಒಂದಿಷ್ಟೂ ಅಲುಗಾಡಬಾರದು, ಉಸಿರೂ ಹಿಡಿಯಬೇಕು. ಅದಕ್ಕೆ ಅನೇಕ ಕಡೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಒಂದು ಸಲಕ್ಕೆ ಬೆನ್ನಿನ ಒಂದು ಭಾಗ ಮಾತ್ರ ಚೌಕಟ್ಟಿಗೆ ಸಿಗುತ್ತದೆ. ಚಿತ್ರ ಚಪ್ಪಟೆ, ಯಾವುದರ ಹಿಂದೆ ಯಾವುದಿದೆ ಅಂತ ಗೊತ್ತಾಗುವುದಿಲ್ಲ.

ಸಿಟಿಗೆ ಬಂದರೆ ಕತೆ ತಿರುಗುಮುರುಗು. ಇಡೀ ಬೆನ್ನು ಕೆಲವು ಸೆಕೆಂಡಿನಲ್ಲಿ ಬರುತ್ತದೆ, ಅಡ್ಡ ಉದ್ದ ಎಲ್ಲಾ ಕಡೆಯಿಂದ ಕೊಯ್ದು ನೋಡಬಹುದು, ಎಲುಬಿನ ಮುಳ್ಳು ಸ್ಪಷ್ಟವಾಗಿ ಕಾಣುತ್ತದೆ, ಅರಿವಳಿಕೆ ಬೇಕಿಲ್ಲ. ಆದರೆ ಅದು ಆ ಕ್ಷಣದ ಒಂದು ಫೋಟೋ. ಮತ್ತೊಂದು ಕ್ಷಣ ಬೇಕೆಂದರೆ ಮತ್ತೊಂದು ಸ್ಕ್ಯಾನ್, ಮತ್ತಷ್ಟು ವಿಕಿರಣ.

ಮುಂದೆ ಸೀಳಿದ ಸೋರಿಕೆಗೆ ಬೋರಲು ಮಲಗಿಸಿ, ಸೊಂಟ ಎತ್ತರಿಸಿ, ಡೈ ಹರಿಯುತ್ತಿರುವಾಗಲೇ ಬೇಗ ಬೇಗ ಸಿಟಿ ತೆಗೆಯುತ್ತಾರೆ. ಒಂದೇ ಗೆರೆಯಾಗಿದ್ದ ಡೈ ಎರಡಾಗಿ ಕವಲೊಡೆಯುವ ಜಾಗವೇ ಸೀಳು. ತಡ ಮಾಡಿದರೆ ಡೈ ಹೊರಗೆಲ್ಲ ಹರಡಿ, ಸೋರಿಕೆ ಇದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಅಕ್ಕನ ಎಂಆರ್‌ಐ ನೋಡಿದರೆ ಇದು ಅವರಿಗೆ ಬೇಕಾದ ಪರೀಕ್ಷೆ ಅಲ್ಲ.

ಅವರಿಗೆ ಬೇಕಾಗಿರುವುದು ಮಗ್ಗುಲು ಮಲಗಿಸಿ ಮಾಡುವ ಸಿಟಿ ಮೈಲೋಗ್ರಾಮ್. ಅದು ನಡೆಯುವುದು ಹೀಗೆ. ರೋಗಿಯನ್ನು ಸಿಟಿ ಟೇಬಲ್ ಮೇಲೆಯೇ, ಅಂದುಕೊಳ್ಳಿ, ಬಲ ಮಗ್ಗುಲಿಗೆ ಮಲಗಿಸುತ್ತೇವೆ. ಸೊಂಟದ ಕೆಳಗೆ ದಿಂಬು ಇಟ್ಟು ಎತ್ತರಿಸುತ್ತೇವೆ, ಡೈ ಎದೆಯ ಭಾಗಕ್ಕೆ ಇಳಿಯಲಿ ಅಂತ. ಫಿಸ್ಟುಲಾ ಹೆಚ್ಚಾಗಿ ಇರುವುದು ಎದೆಯ ಹಿಂದಿನ ಕೆಳಗಿನ ಬೆನ್ನೆಲುಬುಗಳ ಹತ್ತಿರ. ತಲೆ ಕೆಳಕ್ಕೆ ಇಳಿಯದಂತೆ ಅಲ್ಲೂ ಒಂದು ದಿಂಬು. ಸೊಂಟದಲ್ಲಿ ತೆಳ್ಳನೆಯ ಸೂಜಿ ಹಾಕಿ, ಸರಿಯಾದ ಜಾಗದಲ್ಲಿದೆ ಅಂತ ಸಿಟಿಯಲ್ಲೇ ಖಾತ್ರಿ ಮಾಡಿಕೊಂಡು, ಡೈ ಬಿಡುತ್ತೇವೆ. ರೋಗಿ ಉಸಿರು ಒಳಗೆ ಎಳೆದುಕೊಂಡಾಗ ಸ್ಕ್ಯಾನ್ ಓಡಿಸುತ್ತೇವೆ. ಉಸಿರೆಳೆದಾಗ ಎದೆಯೊಳಗಿನ ರಕ್ತನಾಳಗಳ ಒತ್ತಡ ಇಳಿಯುತ್ತದೆ, ಬೆನ್ನಿನ ನೀರು ಆ ಕಡೆಗೆ ಸುಲಭವಾಗಿ ಹೋಗುತ್ತದೆ. ಕೆಲವು ಕೇಂದ್ರಗಳಲ್ಲಿ ತಡೆಯ ವಿರುದ್ಧ ಉಸಿರೆಳೆದುಕೊಳ್ಳುವಂತೆ ಹೇಳಿ ಈ ಪರಿಣಾಮ ಇನ್ನೂ ಹೆಚ್ಚಿಸುತ್ತಾರೆ. ಸೂಜಿ ಇನ್ನೂ ಒಳಗಿರುವಾಗಲೇ ಮೊದಲ ಸ್ಕ್ಯಾನ್ ಮುಗಿದಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎರಡನೆಯದು, ಯಾಕೆಂದರೆ ಕೆಲವು ಫಿಸ್ಟುಲಾ ತುಸು ತಡವಾಗಿ ತುಂಬುತ್ತವೆ. ಎಡ ಮಗ್ಗುಲಿಗೂ ಇದೇ ಕೆಲಸ, ಸಾಮಾನ್ಯವಾಗಿ ಬೇರೆ ದಿನ. ಒಂದು ದಿನಕ್ಕೆ ಬೆನ್ನಿನೊಳಗೆ ಬಿಡಬಹುದಾದ ಡೈಗೆ ಮಿತಿ ಇದೆ. ಹೆಚ್ಚು ಬಳಕೆಯಲ್ಲಿರುವ ಅಯೋಹೆಕ್ಸಾಲ್ 300 ಆದರೆ ಅದು 10 ಮಿಲಿ.

ಆಮೇಲೆ ನಾವು ಹುಡುಕುವುದು ಏನನ್ನು? ಬೆನ್ನೆಲುಬಿನ ಪಕ್ಕದಲ್ಲಿ, ನರದ ಚೀಲದ ತುದಿಯಿಂದ ಹೊರಟ ಒಂದು ಬಿಳಿ ಎಳೆ. ಒಂದೆರಡು ಮಿಲಿಮೀಟರ್ ದಪ್ಪ, ಕೆಲವೊಮ್ಮೆ ಅದಕ್ಕಿಂತ ಸಣ್ಣ. ಪಕ್ಕದಲ್ಲೇ ಪಕ್ಕೆಲುಬಿನ ಬುಡ, ಅದೂ ಬಿಳಿ. ಆಚೆ ಬದಿಯ ಅದೇ ಜಾಗದ ರಕ್ತನಾಳ ಬೂದಿ ಬಣ್ಣಕ್ಕಿದೆ, ಈ ಬದಿಯದ್ದು ಮಾತ್ರ ಬೆಳ್ಳಗಿದೆ ಅಂದರೆ ಕಿವಿ ನಿಮಿರುತ್ತದೆ. ಆ ಎಳೆಯನ್ನು ಒಂದೊಂದೇ ಚಿತ್ರದಲ್ಲಿ ಹಿಂಬಾಲಿಸಿ ಚೀಲದವರೆಗೆ ಮುಟ್ಟಿದರೆ ಖಾತ್ರಿ. ಎಲುಬಿನ ಚೂರನ್ನೋ ಸುಣ್ಣ ಕಟ್ಟಿದ ಜಾಗವನ್ನೋ ಫಿಸ್ಟುಲಾ ಅಂತ ತಪ್ಪು ತಿಳಿಯುವುದೂ ಸುಲಭ, ಫಿಸ್ಟುಲಾವನ್ನು ಎಲುಬು ಅಂತ ದಾಟಿ ಹೋಗುವುದೂ ಸುಲಭ.

ಮಷೀನಿನ ಮಾತು ಬರುವುದು ಇಲ್ಲಿ.

ಮಾಮೂಲಿ ಸಿಟಿಯಲ್ಲಿ ಎಕ್ಸ್-ರೇ ಬಂದು ಡಿಟೆಕ್ಟರ್‌ನ ಒಂದು ಪದರಕ್ಕೆ ಬಡಿದು ಮೊದಲು ಬೆಳಕಾಗುತ್ತದೆ, ಆ ಬೆಳಕು ಆಮೇಲೆ ವಿದ್ಯುತ್ ಆಗುತ್ತದೆ. ಒಂದು ಕೋಶದ ಬೆಳಕು ಇನ್ನೊಂದಕ್ಕೆ ಹರಡದಂತೆ ಕೋಶಗಳ ನಡುವೆ ಗೋಡೆಗಳಿರುತ್ತವೆ. ಕೋಶ ಚಿಕ್ಕದು ಮಾಡುತ್ತಾ ಹೋದರೆ ಗೋಡೆಗಳೇ ಜಾಗ ತಿನ್ನುತ್ತವೆ. ಫೋಟಾನ್ ಕೌಂಟಿಂಗ್ ಸಿಟಿಯಲ್ಲಿ ಬೆಳಕಿನ ಹಂತವೇ ಇಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಎಕ್ಸ್-ರೇಯನ್ನು ನೇರವಾಗಿ ವಿದ್ಯುತ್ ಮಿಡಿತ ಮಾಡುತ್ತದೆ. ಗೋಡೆ ಬೇಡ, ಕೋಶ ಚಿಕ್ಕದಿರಬಹುದು. ಮಾಮೂಲಿ ಮಷೀನಿನಲ್ಲಿ ಅತಿ ತೆಳುವಾದ ಪದರ ಸುಮಾರು 0.5ರಿಂದ 0.6 ಮಿಮೀ ಇದ್ದರೆ, ಇದರಲ್ಲಿ 0.2 ಮಿಮೀ.

ಇನ್ನೊಂದು ಲಾಭ ಅಷ್ಟೇ ದೊಡ್ಡದು. ದೇವಸ್ಥಾನದ ಹುಂಡಿ ಒಡೆದಾಗ ಇಡೀ ಮೂಟೆಯನ್ನು ತಕ್ಕಡಿಗೆ ಹಾಕಿ ತೂಕ ಹೇಳುವುದು ಮಾಮೂಲಿ ಡಿಟೆಕ್ಟರ್. ಕೂತು ಒಂದೊಂದೇ ನಾಣ್ಯ ಎಣಿಸಿ, ಇದು ಒಂದು ರೂಪಾಯಿ, ಇದು ಹತ್ತು ಅಂತ ಬೇರೆ ಮಾಡುವುದು ಫೋಟಾನ್ ಕೌಂಟಿಂಗ್. ತೂಕ ಹಾಕುವಾಗ ಹೆಚ್ಚು ಶಕ್ತಿಯ ಕಿರಣಗಳದ್ದೇ ಮೇಲುಗೈ. ಡೈಯಲ್ಲಿರುವ ಅಯೋಡಿನ್ ಚೆನ್ನಾಗಿ ಹೀರುವುದು ಕಡಿಮೆ ಶಕ್ತಿಯವನ್ನು, ಅದರಲ್ಲೂ 33 ಕೆಇವಿಗೆ (ಕಿರಣದ ಶಕ್ತಿಯ ಅಳತೆ ಇದು) ಸ್ವಲ್ಪ ಮೇಲಿನವನ್ನು. ಎಣಿಸುವ ಮಷೀನಿನಲ್ಲಿ ಅವಕ್ಕೂ ಸರಿಯಾದ ಲೆಕ್ಕ ಸಿಗುವುದರಿಂದ ಡೈ ಹೆಚ್ಚು ಬೆಳ್ಳಗೆ ಕಾಣುತ್ತದೆ. ಬೇಕಾದರೆ 40 ಕೆಇವಿಯಲ್ಲಿ ತೆಗೆದಂತೆ ಚಿತ್ರವನ್ನು ಮತ್ತೆ ಕಟ್ಟಬಹುದು. ಆಗ ತಿಳಿಯಾದ ಡೈ ಕೂಡ ಎದ್ದು ಕಾಣುತ್ತದೆ. ಎಲೆಕ್ಟ್ರಾನಿಕ್ ಗದ್ದಲವನ್ನೂ ಇದು ಲೆಕ್ಕದಿಂದ ಹೊರಗಿಡುತ್ತದೆ.

ಅಮೆರಿಕದ ಎಫ್‌ಡಿಎ (ವೈದ್ಯಕೀಯ ಸಲಕರಣೆಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಇಂಥ ಮೊದಲ ಮಷೀನಿಗೆ, ಸೀಮೆನ್ಸ್‌ನವರ ನಿಯೋಟಾಮ್ ಆಲ್ಫಾಕ್ಕೆ, ಒಪ್ಪಿಗೆ ಕೊಟ್ಟಿದ್ದು 2021ರ ಸೆಪ್ಟೆಂಬರ್ ಕೊನೆಯಲ್ಲಿ. ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿಟಿ ತೆಗೆದಿದ್ದು 1971ರ ಅಕ್ಟೋಬರ್ 1ರಂದು. ಎರಡರ ನಡುವೆ ಸರಿಸುಮಾರು ಐವತ್ತು ವರ್ಷ! ಬೆನ್ನಿನ ನೀರಿನ ಸೋರಿಕೆಗೆ ಇದನ್ನು ಬಳಸಿ ಹೆಚ್ಚು ಬರೆದವರು ಅಮೆರಿಕದ ಮೇಯೊ ಕ್ಲಿನಿಕ್‌ನವರು. ಬೇರೆ ವಿಧಾನಗಳಲ್ಲಿ ಸಿಗದ ಫಿಸ್ಟುಲಾ ಇದರಲ್ಲಿ ಸಿಕ್ಕ ರೋಗಿಗಳ ವರದಿಗಳಿವೆ. ನಿಮ್ಮ ತಮ್ಮ ಓದಿರುವುದು ಅಂಥದ್ದೇ ಇರಬೇಕು. ಅವರು ಹೇಳಿದ್ದು ಸುಳ್ಳಲ್ಲ.

ಆದರೂ ಆ ವರದಿಗಳನ್ನು ಓದುವಾಗ ಎರಡು ವಿಷಯ ನೆನಪಿಡಬೇಕು. ಒಂದೇ ರೋಗಿಗೆ ಎರಡೂ ಮಷೀನಿನಲ್ಲಿ ಮಾಡಿ ಹೋಲಿಸಬೇಕೆಂದರೆ ಎರಡು ಸಲ ಸೂಜಿ, ಎರಡು ಸಲ ಡೈ, ಎರಡು ಸಲ ವಿಕಿರಣ. ಸುಮ್ನೆ ಹೋಲಿಸಿ ನೋಡೋಣ ಅಂತ ಯಾರೂ ಹಾಗೆ ಮಾಡುವುದಿಲ್ಲ. ಜೊತೆಗೆ ಮೊದಲ ಪರೀಕ್ಷೆ ಸೋತು ಎರಡನೆಯದು ಗೆದ್ದಾಗ ಗೆದ್ದಿದ್ದು ಮಷೀನೋ, ಮಲಗಿಸಿದ ರೀತಿಯೋ, ಓದಿದವರ ಕಣ್ಣೋ, ಅಥವಾ ಆ ದಿನ ಫಿಸ್ಟುಲಾ ತೆರೆದಿತ್ತೋ, ಬೇರೆ ಮಾಡಿ ಹೇಳುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಮಷೀನಿಗೂ ಅದರ ಪಾಲಿನ ಶ್ರೇಯ ಸಲ್ಲಬೇಕು, ಯಾಕೆಂದರೆ ಮಿಲಿಮೀಟರಿನ ಎಳೆಯನ್ನು ಎಲುಬಿನ ಪಕ್ಕದಲ್ಲಿ ಹುಡುಕುವ ಕೆಲಸಕ್ಕೆ ಇದಕ್ಕಿಂತ ಹೊಂದುವ ಸಲಕರಣೆ ಸಿಟಿಯಲ್ಲಿ ಇನ್ನೊಂದಿಲ್ಲ. ತೊಡಕೂ ಇದೆ. 50 ಸೆಂಮೀ ಬೆನ್ನನ್ನು 0.2 ಮಿಮೀ ಪದರಗಳಾಗಿ ಕೊಯ್ದರೆ ಒಂದು ಸುತ್ತಿಗೆ 2,500 ಚಿತ್ರ. ಎರಡು ಮಗ್ಗುಲು, ಎರಡೆರಡು ಸುತ್ತು ಅಂದರೆ 10,000. ಅದನ್ನು ತಾಳ್ಮೆಯಿಂದ ಓದುವವರಿಲ್ಲದಿದ್ದರೆ ಮಷೀನು ಇದ್ದೂ ಪ್ರಯೋಜನವಿಲ್ಲ.

ಮಧ್ಯದ ದಾರಿಗಳೂ ಇವೆ. ನಮ್ಮ ದೊಡ್ಡ ಊರುಗಳ ಅನೇಕ ಆಸ್ಪತ್ರೆಗಳಲ್ಲಿ ಡ್ಯುಯಲ್ ಎನರ್ಜಿ ಸಿಟಿ (ಎರಡು ಬೇರೆ ಶಕ್ತಿಯ ಎಕ್ಸ್-ರೇ ಬಳಸುವ ಸಿಟಿ) ಇದೆ. 0.2 ಮಿಮೀ ಸಿಗುವುದಿಲ್ಲ, ಆದರೆ ಕಡಿಮೆ ಕೆಇವಿ ಚಿತ್ರ ಅದರಲ್ಲೂ ಕಟ್ಟಬಹುದು, ಡೈ ಬೆಳ್ಳಗೆ ಕಾಣುತ್ತದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ, ನೀವೇ ಕೇಳಿ. ಇನ್ನೊಂದು ಕೋನ್ ಬೀಮ್ ಸಿಟಿ. ಕ್ಯಾತ್ ಲ್ಯಾಬ್‌ನ ಎಕ್ಸ್-ರೇ ತೋಳೇ ರೋಗಿಯ ಸುತ್ತ ತಿರುಗಿ ತೆಗೆಯುವ ಸಿಟಿ ಅದು. ಡೈ ಹರಿಯುವುದನ್ನು ನೋಡಿದ ಟೇಬಲ್ ಮೇಲೆಯೇ ಅನುಮಾನದ ಜಾಗವನ್ನು ತುಂಬಾ ಸೂಕ್ಷ್ಮವಾಗಿ ನೋಡಬಹುದು. ಆದರೆ ಒಂದು ಸುತ್ತಿಗೆ ಹಲವು ಸೆಕೆಂಡ್ ಬೇಕು, ಅಲುಗಾಡಿದರೆ ಚಿತ್ರ ಕೆಡುತ್ತದೆ, ಸಿಗುವ ಜಾಗವೂ ಚಿಕ್ಕದು. ನಾನಾದರೆ ಅನುಮಾನ ಇರುವ ಕಡೆ ಖಾತ್ರಿ ಮಾಡಿಕೊಳ್ಳಲು ಇಟ್ಟುಕೊಳ್ಳುತ್ತೇನೆ.

ಈಗ ಅಕ್ಕನ ವಿಷಯ. ಹೊಸ ಸ್ಕ್ಯಾನ್‌ಗೆ ಓಡುವ ಮೊದಲು ಹಳೆಯ ಮೈಲೋಗ್ರಾಮ್‌ನ ಸಿಡಿ ತರಿಸಿಕೊಳ್ಳಿ. ಫಿಲಂ ಹಾಳೆ ಸಾಲದು, ತೆಳು ಪದರಗಳ ಪೂರ್ತಿ ಡಿಜಿಟಲ್ ಚಿತ್ರ ಬೇಕು. ಚಿತ್ರಗಳಲ್ಲೇ ಮಲಗಿಸಿದ ರೀತಿ ಮತ್ತು ಸ್ಕ್ಯಾನಿನ ಸಮಯ ದಾಖಲಾಗಿರುತ್ತದೆ. ಸೋರಿಕೆಯ ಕೇಸುಗಳನ್ನು ನೋಡಿ ಅಭ್ಯಾಸವಿರುವ ನ್ಯೂರೋ ರೇಡಿಯಾಲಜಿಸ್ಟ್‌ಗೆ ಅದನ್ನು ಇನ್ನೊಮ್ಮೆ ಓದಲು ಕೊಡಿ. ಕೆಲವೊಮ್ಮೆ ಉತ್ತರ ಅಲ್ಲೇ ಇರುತ್ತದೆ. ಕಿಡ್ನಿಯಲ್ಲಿ ಡೈ ಬೇಗ ಬಂದು ಸೇರಿದ್ದು ಕಂಡರೂ ಅದು ಫಿಸ್ಟುಲಾ ಕಡೆಗೆ ಬೆರಳು ತೋರಿಸುತ್ತದೆ.

ಅಲ್ಲಿ ಏನೂ ಸಿಗದಿದ್ದರೆ, ಮಗ್ಗುಲು ಮಲಗಿಸಿ ಎರಡೂ ಕಡೆ ಮಾಡುವ ಕೇಂದ್ರ ಹುಡುಕಿ. ಅಂಥವರ ಹತ್ತಿರ ಮಾಮೂಲಿ ಒಳ್ಳೆಯ ಸಿಟಿ ಇದ್ದರೂ ನಾನು ಅಲ್ಲಿಗೇ ಕಳಿಸುತ್ತೇನೆ. ಅವರ ಹತ್ತಿರವೇ ಫೋಟಾನ್ ಕೌಂಟಿಂಗ್ ಇದ್ದರೆ ತುಂಬಾ ಸಂತೋಷ. ಎರಡೂ ಕಡೆ ಸರಿಯಾಗಿ ಮಾಡಿದ ಮೇಲೂ ಸಿಗದಿದ್ದಾಗ, ತಲೆಯ ಎಂಆರ್‌ಐ ಮಾತ್ರ ಇನ್ನೂ ಸೋರಿಕೆ ಅಂತಲೇ ಹೇಳುತ್ತಿದ್ದಾಗ, ಅದಕ್ಕಾಗಿ ದೂರ ಹೋಗುವುದಕ್ಕೆ ಅರ್ಥವಿದೆ. ಸಾಲ ಮಾಡಿ ಮೊದಲೇ ವಿದೇಶಕ್ಕೆ ಹಾರುವ ಅಗತ್ಯ ನನಗೆ ಕಾಣುತ್ತಿಲ್ಲ.

ಪರೀಕ್ಷೆಗೆ ಮೊದಲು ರಕ್ತ ತೆಳು ಮಾಡುವ ಮಾತ್ರೆ, ಡೈ ಅಲರ್ಜಿ, ಫಿಟ್ಸ್ ಇತಿಹಾಸ, ತೆಗೆದುಕೊಳ್ಳುತ್ತಿರುವ ಎಲ್ಲಾ ಔಷಧಿ ಹೇಳಲೇಬೇಕು. ವಿಕಿರಣ ಮಾಮೂಲಿ ಬೆನ್ನಿನ ಸಿಟಿಗಿಂತ ಜಾಸ್ತಿ, ಯಾಕೆಂದರೆ ಸುತ್ತುಗಳು ಜಾಸ್ತಿ. 46ರ ವಯಸ್ಸಿನಲ್ಲಿ, ಹಾಸಿಗೆ ಬಿಟ್ಟು ಏಳಲಾಗದ ಕಾಯಿಲೆಗೆ, ಆ ಲೆಕ್ಕ ಪರೀಕ್ಷೆಯ ಪರವಾಗಿಯೇ ಬರುತ್ತದೆ. ಪದೇ ಪದೇ ಗುರಿಯಿಲ್ಲದೆ ಮಾಡಿಸಿದರೆ ಮಾತ್ರ ಬರುವುದಿಲ್ಲ.

ಜಾಗ ಸಿಕ್ಕರೆ ದಾರಿ ಇದೆ. ಆ ಜಾಗಕ್ಕೇ ಗುರಿಯಿಟ್ಟು ಫೈಬ್ರಿನ್ ಅಂಟು ಹಾಕಬಹುದು, ಆಪರೇಷನ್ ಮಾಡಿ ಕಟ್ಟಬಹುದು. 2021ರಲ್ಲಿ ಮೇಯೊ ಕ್ಲಿನಿಕ್‌ನವರು ವರದಿ ಮಾಡಿದಂತೆ ರಕ್ತನಾಳದ ಒಳಗಿನಿಂದಲೇ ಸಣ್ಣ ಕೊಳವೆ ತೂರಿಸಿ ಓನಿಕ್ಸ್ ಅನ್ನುವ ಅಂಟಿನಿಂದ ಮುಚ್ಚಲೂಬಹುದು. ಮುಚ್ಚಿದ ಮೇಲೆ ಕೆಲವರಿಗೆ ಒತ್ತಡ ಏರಿ ಹಣೆಯ ಕಡೆ ಬೇರೆ ತರದ ತಲೆನೋವು ಬರುತ್ತದೆ, ಮಲಗಿದಾಗ ಅದು ಜಾಸ್ತಿ. ಹೆದರಬೇಡಿ, ವೈದ್ಯರಿಗೆ ತಿಳಿಸಿ, ಅದಕ್ಕೂ ಔಷಧಿ ಇದೆ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಮಲಗಿದರೂ ಇಳಿಯದಂತೆ ತಲೆನೋವಿನ ಸ್ವಭಾವ ಬದಲಾದರೆ, ಅಕ್ಕ ಮಂಕಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಿದುಳಿನ ಸುತ್ತ ರಕ್ತ ಸೇರಿರಬಹುದು ಅಥವಾ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆಗ ಮೈಲೋಗ್ರಾಮ್‌ನ ಚರ್ಚೆ ಪಕ್ಕಕ್ಕಿಟ್ಟು ಮೊದಲು ತಲೆಯ ಸ್ಕ್ಯಾನ್ ಆಗಬೇಕು.